ಜಠರದೊಳಗಿನ ಕೈಮರ

ಅರಸೀಕೆರೆ ಜಂಕ್ಷನ್ನಿನ ಆಸುಪಾಸಿನಲ್ಲಿ ಬೆಳೆದವರಿಗೆ ಹಳೆಯ ಕಾಲದ ರೈಲ್ವೆ ಕೈಮರವನ್ನು ವಿವರಿಸಬೇಕಿಲ್ಲ. ತೋಳು ಇಳಿದರೆ ಗಾಡಿಗೆ ಅಪ್ಪಣೆ. ಗಾಡಿ ದಾಟಿದ ಮೇಲೆ ತೋಳು ಮತ್ತೆ ಮೇಲೇರಬೇಕು. ನಮ್ಮ ಜೀವಕೋಶಗಳಲ್ಲಿಯೂ ಇಂತಹ ಸಂಕೇತವಾಹಕ ಪ್ರೋಟೀನುಗಳಿವೆ. ಕೋಶವು ಬೆಳೆದು ಒಡೆಯಲು ಅಪ್ಪಣೆ ನೀಡಿ, ಕಾರ್ಯ ಮುಗಿದೊಡನೆ ಸುಮ್ಮನಾಗುವುದು ಅವುಗಳ ಧರ್ಮ. ಅವು ಸುಮ್ಮನಾಗದೆ ಉಳಿಯುವುದೇ ಕ್ಯಾನ್ಸರಿನ ಮುಖ್ಯ ಬೇರುಗಳಲ್ಲೊಂದು. ಇದನ್ನು ಅರಿಯಲು ವಿಜ್ಞಾನಕ್ಕೆ ಹೆಚ್ಚು ಕಡಿಮೆ ಒಂದು ಶತಮಾನವೇ ಹಿಡಿಯಿತು.

1911ರಲ್ಲಿ ಅಮೆರಿಕದ ಪೇಟನ್ ರೌಸ್, ಕೋಳಿಯೊಂದರ ಗಡ್ಡೆಯನ್ನು ಅರೆದು, ಜೀವಕೋಶ ಉಳಿಯದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಗಡ್ಡೆ ಬೆಳೆಯಿತು. ಕಾರಣ ಒಂದು ವೈರಸ್; ಅದರೊಳಗಿನ ಕೇಡಿನ ಜೀನಿಗೆ ಮುಂದೆ 'ಸಾರ್ಕ್' ಎಂದು ಹೆಸರಾಯಿತು. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರ ತಂಡವು ಆ ಜೀನಿನ ಮೂಲ ಆರೋಗ್ಯವಂತ ಕೋಳಿಯ ಕೋಶದಲ್ಲಿಯೇ ಇದೆಯೆಂದು ತೋರಿಸಿತು. ಅವರಿಬ್ಬರಿಗೆ 1989ರ ನೊಬೆಲ್ ಪಾರಿತೋಷಕ ಸಂದಿತು.

ಜಠರದ ಕಥೆ ಬೇರೊಂದು ದಾರಿಯಿಂದ ಬಂದು ಇಲ್ಲಿ ಕೂಡಿಕೊಂಡಿತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್, ಇಂದು ಹೆಲಿಕೊಬ್ಯಾಕ್ಟರ್ ಪೈಲೊರಿ ಎನ್ನುವ ಬ್ಯಾಕ್ಟೀರಿಯವನ್ನು ರೋಗಿಗಳ ಜಠರದಿಂದ ಪಡೆದು ಬೆಳೆಸಿದರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ಆದರೆ ಅದು ಕೋಶವನ್ನು ಕೆಡಿಸುವ ಬಗೆ ಹೇಗೆ? 2002ರಲ್ಲಿ ಜಪಾನಿನ ಹತಕೆಯಾಮ ಅವರ ತಂಡ ಒಂದು ಉತ್ತರ ನೀಡಿತು. ಬ್ಯಾಕ್ಟೀರಿಯವು 'ಕ್ಯಾಗ್-ಎ' ಎಂಬ ಪ್ರೋಟೀನನ್ನು ಜಠರದ ಕೋಶದೊಳಗೆ ಚುಚ್ಚುತ್ತದೆ. ರೌಸರ ಕೋಳಿಯಿಂದ ಬೆಳಕಿಗೆ ಬಂದ ಆ ಸಾರ್ಕ್ ಬಳಗದ ಪ್ರೋಟೀನುಗಳೇ ಅದಕ್ಕೆ ಫಾಸ್ಫೇಟ್ ಜೋಡಿಸುತ್ತವೆ. ಬಳಿಕ ಅದು 'ಎಸ್‌ಎಚ್‌ಪಿ-2' ಎಂಬ ಸಂಕೇತವಾಹಕಕ್ಕೆ ಅಂಟಿ, ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ ಚಾಲೂಗೊಳಿಸುತ್ತದೆ.

ಈ ಅರಿವಿನ ಫಲ ಚಿಕಿತ್ಸೆಗೂ ದಕ್ಕಿತು. ಜಠರದ ಗಡ್ಡೆಗಳಲ್ಲಿ ಸರಿಸುಮಾರು ಐದರಲ್ಲೊಂದರಲ್ಲಿ 'ಹರ್-2' ಎಂಬ ಸಂಕೇತ ಪ್ರೋಟೀನು ವಿಪರೀತವಾಗಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧವನ್ನು ಕೀಮೋಥೆರಪಿಯೊಡನೆ ಕೊಟ್ಟಾಗ, ರೋಗ ಬಲಿತವರ ಬದುಕಿನ ಮಧ್ಯಮ ಅವಧಿ 11.1 ತಿಂಗಳಿಂದ 13.8 ತಿಂಗಳಿಗೆ ಏರಿತೆಂದು 2010ರ ವರದಿ ತಿಳಿಸಿತು. ಒಂದು ಶತಮಾನದ ದುಡಿಮೆಗೆ ಮೂರು ತಿಂಗಳಿಗೂ ಕಡಿಮೆ! ರೋಗ ಬಲಿಯುವ ಮುನ್ನ ಗುರುತಿಸುವುದೇ ಮೇಲೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನಲ್ಲಿ 1982ರಿಂದ ನಡೆದುಬಂದ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಪ್ರಮುಖ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ್ದೂ ಇದೆ. ಆದರೂ ಬೇಲೂರು, ಹಳೇಬೀಡು, ಅರಸೀಕೆರೆಗಳ ನಮ್ಮ ಜನ ಹೊಟ್ಟೆಯ ಯಾವ ನೋವಿಗೂ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಅಂಗಡಿಯ ಮಾತ್ರೆ ನುಂಗುತ್ತಾರೆ. ಪೈಲೊರಿ ಇರುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ಭಯ ಬೇಡ. ಆದರೆ ವಾರಗಟ್ಟಲೆ ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ನುಂಗಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ವೈದ್ಯರಲ್ಲಿಗೆ ಹೋಗಿರಿ. ಎಂಡೋಸ್ಕೋಪಿ ಬೇಕೆಂದರೆ ಮುಂದೂಡಬೇಡಿರಿ. ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಈ ಮಾತನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.