ಬಿದ್ದವರನ್ನು ಎತ್ತುವ ಕಾನೂನು

2020ರ ಫೆಬ್ರುವರಿಯಲ್ಲಿ 40 ದಿನದ ಹಸುಗೂಸೊಂದನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ತಂದರು. ಘಾಟಿ ಹತ್ತಿ ಬರುವ ಈ ದಾರಿಗೆ ಮಾಮೂಲಿಯಾಗಿ ಏಳೆಂಟು ಗಂಟೆ ಬೇಕು. ಅಂದು ಐದು ಗಂಟೆಯೂ ಹಿಡಿಯಲಿಲ್ಲ. ಪೊಲೀಸರು ‘ಝೀರೋ ಟ್ರಾಫಿಕ್’ ಮಾಡಿಕೊಟ್ಟರು. ದಾರಿಯುದ್ದಕ್ಕೂ ಜನ ತಾವಾಗಿಯೇ ರಸ್ತೆಗಿಳಿದು ವಾಹನಗಳನ್ನು ಪಕ್ಕಕ್ಕೆ ಸರಿಸಿದರು.

ಮರು ತಿಂಗಳೇ ಕೋವಿಡ್ ಬಂತು. ಅದೇ ಮಂಗಳೂರಿನ ಮಗ್ಗುಲಿನ ತಲಪಾಡಿಯಲ್ಲಿ ಕರ್ನಾಟಕ ಕೇರಳದ ಕಡೆಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಕಾಸರಗೋಡಿನವರಿಗೆ, ಅಲ್ಲಿನ ಕನ್ನಡಿಗರಿಗೂ ಸೇರಿದಂತೆ, ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸಾದವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳ ಓಡಾಟಕ್ಕೆ ಒಂದು ಕ್ರಮ ಗೊತ್ತುಪಡಿಸಲಾಗಿದೆ ಎಂದು ಏಪ್ರಿಲ್ 7ರಂದು ಮುಗಿಯಿತು.

ಎರಡು ತಿಂಗಳೊಳಗೆ ಒಂದೇ ಊರಿನ ಆಸುಪಾಸಿನಲ್ಲಿ ನಡೆದ ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಜೀವ ಉಳಿಸುವ ಕೆಲಸವನ್ನು ಜನರ ಮನಸ್ಸಿಗೋ ಅಧಿಕಾರಿಯ ಮರ್ಜಿಗೋ ಬಿಟ್ಟರೆ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಅದಕ್ಕೆ ಕಾನೂನು ಬೇಕು. ನಮ್ಮ ಸಾರಿಗೆ ಕಾನೂನಿಗೆ ಈ ವಿಷಯ ಹೊಳೆಯಲು ಬಹಳ ಕಾಲ ಹಿಡಿಯಿತು. ಅಪಘಾತವಾದರೆ ‘ತಪ್ಪು ಯಾರದು?’ ಎಂದು ಕೇಳುವುದನ್ನು ಅದು ಮೊದಲು ಕಲಿತಿತು. ‘ಬಿದ್ದವರನ್ನು ಎತ್ತುವವರು ಯಾರು?’ ಎಂದು ಕೇಳಿದ್ದು ತೀರ ಈಚೆಗೆ.

ಚಾಲಕನ ಸುತ್ತ ಸುತ್ತಿದ ಕಾನೂನು

ಭಾರತದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. 1939ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಈಗ ಜಾರಿಯಲ್ಲಿರುವುದು 1988ರ ಕಾಯ್ದೆ, 1989ರ ಜುಲೈ 1ರಿಂದ. ಸಂವಿಧಾನದಲ್ಲಿ ಮೋಟಾರು ವಾಹನ ಸಮವರ್ತಿ ಪಟ್ಟಿಯಲ್ಲಿದೆ. ಪೊಲೀಸು, ಆಸ್ಪತ್ರೆ, ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳೆಲ್ಲ ರಾಜ್ಯದ ಪಾಲು. ಅಂದರೆ ಕಾಯ್ದೆಯ ಚೌಕಟ್ಟು ದೆಹಲಿಯದಾದರೂ ಗಾಯಾಳು ಆಸ್ಪತ್ರೆ ಮುಟ್ಟುವ ದಾರಿ ಬಹುಪಾಲು ರಾಜ್ಯದ ಕೈಯಲ್ಲೇ ಇದೆ.

ಈ ಕಾಯ್ದೆಗಳ ಹೆಚ್ಚಿನ ಪುಟಗಳು ಲೈಸೆನ್ಸು, ಪರ್ಮಿಟ್ಟು, ವಿಮೆ, ದಂಡಕ್ಕೆ ಮೀಸಲು. ಗಾಯಾಳುವಿನ ಮಾತು ಬರುವುದು 1988ರ ಕಾಯ್ದೆಯ 134ನೇ ಕಲಂನಲ್ಲಿ. ಅಪಘಾತ ಮಾಡಿದ ಚಾಲಕನೇ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು ಎನ್ನುತ್ತದೆ ಅದು. ಜೊತೆಗೇ ಒಂದು ವಿನಾಯಿತಿಯನ್ನೂ ಇಟ್ಟಿದೆ: ಗುಂಪಿನ ರೋಷದಿಂದಾಗಿ ಅದು ಸಾಧ್ಯವಾಗದಿದ್ದರೆ ಬಿಟ್ಟುಬಿಡಬಹುದು. ಕಾಯ್ದೆ ಬರೆದವರಿಗೆ ನಮ್ಮ ರಸ್ತೆ ಚೆನ್ನಾಗಿ ಗೊತ್ತಿತ್ತು. ಲಾರಿ ಡಿಕ್ಕಿಯಾದ ಕೂಡಲೇ ಡ್ರೈವರ್ ಇಳಿದು ಹೊಲದಲ್ಲಿ ಓಡುವುದು, ಸೇರಿದ ಜನ ಗಾಯಾಳುವನ್ನು ಬಿಟ್ಟು ಡ್ರೈವರನ ಬೆನ್ನು ಹತ್ತುವುದು ಯಾರು ನೋಡದ ದೃಶ್ಯ? ನೂರು ವರ್ಷದಲ್ಲಿ ಇದು ಬದಲಾಗಿಲ್ಲ. ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣನಾಗಿ ಪೊಲೀಸರಿಗೂ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಶಿಕ್ಷೆ ಎಂದು ಭಾರತೀಯ ನ್ಯಾಯ ಸಂಹಿತೆಯ 106(2) ಹೇಳಿದಾಗ, 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದುದ್ದಕ್ಕೂ ಗಾಡಿ ನಿಲ್ಲಿಸಿದರು. ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಜೈಲು ಎಂಬುದು ಅವರ ಅಳಲು. ಸಂಹಿತೆ ಆ ಜುಲೈನಲ್ಲಿ ಜಾರಿಗೆ ಬಂದಾಗ ಈ ಉಪಕಲಮನ್ನು ತಡೆಹಿಡಿಯಲಾಯಿತು.

‘ಎಂಎಲ್‌ಸಿ’ ಎಂಬ ಭೂತ

ಚಾಲಕನ ನಂತರ ಕಾನೂನಿನ ಕಣ್ಣು ಬಿದ್ದದ್ದು ವೈದ್ಯರ ಮೇಲೆ. ಅದಕ್ಕೆ ಕಾರಣ ಒಂದು ಪತ್ರಿಕಾ ವರದಿ. ಕಾರು ಬಡಿದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಹೊತ್ತು ತಂದರೆ, ‘ಇದು ಪೊಲೀಸ್ ಕೇಸು, ನಾವು ಮುಟ್ಟುವಂತಿಲ್ಲ’ ಎಂದು ಸುಮಾರು 20 ಕಿ.ಮೀ. ದೂರದ ಇನ್ನೊಂದು ಆಸ್ಪತ್ರೆಗೆ ಅಟ್ಟಲಾಯಿತು. ಆತ ದಾರಿಯಲ್ಲೇ ಸತ್ತ. ಮಾನವ ಹಕ್ಕುಗಳ ಕಾರ್ಯಕರ್ತ ಪರಮಾನಂದ ಕಟಾರಾ ಅವರು ಆ ವರದಿಯನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1989ರ ತೀರ್ಪು ಸ್ಪಷ್ಟವಾಗಿತ್ತು: ವೈದ್ಯ ಸರ್ಕಾರಿಯಿರಲಿ ಖಾಸಗಿಯಿರಲಿ, ಮೊದಲು ಜೀವ, ಆಮೇಲೆ ಕಾಗದ. 1994ರ ತಿದ್ದುಪಡಿಯಲ್ಲಿ ಈ ಮಾತು 134ನೇ ಕಲಮಿಗೇ ಸೇರಿತು.

ಕಾಗದದ ಮೇಲೆ ಸೇರಿದ್ದು ತುರ್ತು ವಾರ್ಡಿನ ಬಾಗಿಲು ಮುಟ್ಟಲಿಲ್ಲ. ‘ಎಂಎಲ್‌ಸಿ ಕೇಸಾ? ಪೊಲೀಸರಿಗೆ ಹೇಳಿದ್ದೀರಾ? ಜೊತೆಗೆ ಯಾರಿದ್ದೀರಿ? ಅಡ್ವಾನ್ಸ್ ಕಟ್ಟಿ’ ಎಂಬ ಸಾಲುಗಳನ್ನು ಕೇಳದವರು ವಿರಳ. ಎಂಎಲ್‌ಸಿ ಎಂದರೆ ಮೆಡಿಕೊ-ಲೀಗಲ್ ಕೇಸು, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಅಪಘಾತದ ಗಾಯಾಳುಗಳನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದರೆ ಸಾವುಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ತಪ್ಪಿಸಬಹುದು ಎಂದು 2006ರಲ್ಲಿ ಕಾನೂನು ಆಯೋಗದ 201ನೇ ವರದಿ ಹೇಳಿತು. ಆ ಒಂದು ಗಂಟೆಯಲ್ಲಿ ಗಾಯಾಳುವಿನ ಪಕ್ಕದಲ್ಲಿರುವುದು ವೈದ್ಯನೂ ಅಲ್ಲ, ಪೊಲೀಸನೂ ಅಲ್ಲ, ದಾರಿಹೋಕ. ದಾರಿಹೋಕ ಯಾಕೆ ಮುಟ್ಟುವುದಿಲ್ಲ ಎಂದು ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ಸಮೀಕ್ಷೆ ಮಾಡಿತು. ನೂರರಲ್ಲಿ 74 ಮಂದಿ ತಾವು ನೆರವಿಗೆ ಹೋಗುವುದು ಅನುಮಾನ ಎಂದರು. ಅವರಲ್ಲಿ ಶೇ 88ರಷ್ಟು ಜನ ಕೊಟ್ಟ ಕಾರಣ ಪೊಲೀಸು, ಕೋರ್ಟಿನ ರಗಳೆ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತಬಾರದು ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಜೀವಕ್ಕೇ ಎರವಾಗಿತ್ತು.

ನೆಲಮಂಗಲದ ನಂತರ

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಬೈಕ್ ಸವಾರ ಹರೀಶ್, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದು ನಾಡನ್ನು ತಲ್ಲಣಗೊಳಿಸಿತು. ತಿಂಗಳೊಳಗೆ, ಮಾರ್ಚ್ 8ರಂದು, ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ‘ಮುಖ್ಯಮಂತ್ರಿಗಳ ಸಾಂತ್ವನ – ಹರೀಶ್’ ಯೋಜನೆ ಆರಂಭಿಸಿತು. ರಾಜ್ಯದ ಗಡಿಯೊಳಗೆ ಅಪಘಾತವಾದರೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ. ಗಾಯಾಳು ಯಾವ ಊರಿನವನು, ಬಡವನೋ ಬಲ್ಲಿದನೋ ಎಂದು ಕೇಳುವಂತಿಲ್ಲ. ಅಡ್ವಾನ್ಸ್ ಕಟ್ಟಿ ಎಂಬ ಮಾತಿಗೆ ಸರ್ಕಾರ ಕೊಟ್ಟ ಮೊದಲ ಉತ್ತರ ಇದು.

ಅದೇ ತಿಂಗಳ 30ರಂದು, ಸೇವ್‌ಲೈಫ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರನ್ನು ಪೀಡಿಸದಂತೆ ಕೇಂದ್ರ ರೂಪಿಸಿದ್ದ ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಬದ್ಧಗೊಳಿಸಿತು. ಕರ್ನಾಟಕ ಅಲ್ಲಿಗೆ ನಿಲ್ಲದೆ ತನ್ನದೇ ಕಾಯ್ದೆ ಬರೆಯಿತು. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ನೆರವಿಗೆ ಬಂದವರಿಗೆ ಸಿವಿಲ್, ಕ್ರಿಮಿನಲ್ ಹೊಣೆಯಿಂದ ರಕ್ಷಣೆ, ಸಾಕ್ಷಿ ಹೇಳಲು ಓಡಾಡಬೇಕಾಗಿ ಬಂದರೆ ಅದರ ಖರ್ಚು ಭರಿಸಲು ನಿಧಿ, ಆಸ್ಪತ್ರೆಗಳಿಗೆ ಪ್ರಥಮ ಚಿಕಿತ್ಸೆಯ ಕಡ್ಡಾಯ ಇದರ ತಿರುಳು. 2016ರಲ್ಲಿ ವಿಧಾನಮಂಡಲ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತ ಬೀಳಲು 2018 ಬರಬೇಕಾಯಿತು. ಸಾಕ್ಷಿ, ವಿಚಾರಣೆಗಳು ಸಮವರ್ತಿ ಪಟ್ಟಿಯ ವಿಷಯ. ಅಲ್ಲಿ ಕೇಂದ್ರದ ಕಾನೂನಿಗೆ ತಾಗುವಂಥದ್ದನ್ನು ರಾಜ್ಯ ಬರೆದರೆ ದೆಹಲಿಯ ಒಪ್ಪಿಗೆ ಬೇಕೇ ಬೇಕು.

2019ರ ತಿದ್ದುಪಡಿಯಲ್ಲಿ ಕೇಂದ್ರವೂ ನೆರವಿಗೆ ಬಂದವರ ರಕ್ಷಣೆಯನ್ನು 134ಎ ಕಲಂ ಎಂದು ಮೋಟಾರು ವಾಹನ ಕಾಯ್ದೆಗೆ ಸೇರಿಸಿತು. ಮರುವರ್ಷ ನಿಯಮಗಳು ಬಂದವು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ಫೋನ್ ನಂಬರ್ ಹೇಳಲೇಬೇಕೆಂದಿಲ್ಲ, ಕೂಡಲೇ ಹೊರಡಬಹುದು. ಗಾಯವಾದ ಮೊದಲ ಒಂದು ಗಂಟೆ ‘ಗೋಲ್ಡನ್ ಅವರ್’ ಎಂದು ಕಾಯ್ದೆಯ ವ್ಯಾಖ್ಯೆಯೊಳಗೇ ಬಂತು. ಆ ಗಂಟೆಯ ನಗದುರಹಿತ ಚಿಕಿತ್ಸೆಗೆ ಯೋಜನೆ ಮಾಡಬೇಕೆಂದು 162ನೇ ಕಲಂ ಹೇಳಿತ್ತು. ಆದರೂ ಕೇಂದ್ರ ವರ್ಷಗಟ್ಟಲೆ ಸುಮ್ಮನಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಾಕೀತು ಮಾಡಿದ ಮೇಲೆ ಆ ಮೇ ತಿಂಗಳಲ್ಲಿ ಯೋಜನೆ ಪ್ರಕಟವಾಯಿತು: ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ನೆರೆಯ ತಮಿಳುನಾಡು 2021ರ ಡಿಸೆಂಬರಿನಲ್ಲೇ 48 ಗಂಟೆಗೆ ಒಂದು ಲಕ್ಷದ ಯೋಜನೆ ಆರಂಭಿಸಿತ್ತು. ಮುಂಚೂಣಿಯಲ್ಲಿ ಹೊರಟ ನಾವು 25,000ದಲ್ಲಿ ನಿಂತಾಗ ಪಕ್ಕದವರು ಮುಂದೆ ಹೋದರು.

ಸೈರನ್ನಿನ ಮಾನ

ಎತ್ತುವವರು ಸಿಕ್ಕರೂ ಗಾಡಿ ಬೇಕು, ಗಾಡಿಗೆ ದಾರಿ ಬೇಕು. ಕರ್ನಾಟಕದಲ್ಲಿ 108ರ ‘ಆರೋಗ್ಯ ಕವಚ’ ಶುರುವಾದದ್ದು 2008ರ ನವೆಂಬರ್ 1ರಂದು. 2015ರ ಏಪ್ರಿಲಿನಲ್ಲಿ 30 ಬೈಕ್ ಆಂಬುಲೆನ್ಸ್‌ಗಳು ರಸ್ತೆಗಿಳಿದವು. ನಾಲ್ಕು ಗಾಲಿಯ ಗಾಡಿ ಜಾಮಿನಲ್ಲಿ ಸಿಕ್ಕಿಕೊಂಡಿರುವಾಗ ಸಂದಿಯಲ್ಲಿ ನುಸುಳಿ ಮೊದಲ ಹತ್ತು ನಿಮಿಷದ ಶುಶ್ರೂಷೆ ಮಾಡುವುದು ಅವುಗಳ ಕೆಲಸ. ಹಳೆಯ ವ್ಯಾನಿಗೆ ಕೆಂಪು ದೀಪ ಸಿಕ್ಕಿಸಿ ಆಂಬುಲೆನ್ಸ್ ಎನ್ನುವ ಕಾಲಕ್ಕೂ ಕೊನೆ ಹಾಡಬೇಕಿತ್ತು. ಅದಕ್ಕಾಗಿ ಎಐಎಸ್ 125 ಎಂಬ ಮಾನದಂಡ ಬಂದು, ಪ್ರಥಮ ಸ್ಪಂದನದ ಗಾಡಿಯಿಂದ ವೆಂಟಿಲೇಟರ್ ಇರುವ ಗಾಡಿಯವರೆಗೆ ನಾಲ್ಕು ಬಗೆ ಮಾಡಲಾಯಿತು.

ದಾರಿ ಬಿಡುವುದು ಚಾಲನಾ ನಿಯಮದಲ್ಲಿ ಮೊದಲಿನಿಂದಲೂ ಇತ್ತು. ಆದರೆ ಸೈರನ್ನೂ ಕೆಂಪು ದೀಪವೂ ಮಂತ್ರಿ ಮಾನ್ಯರ ಗುರುತಾಗಿದ್ದ ದಿನಗಳಲ್ಲಿ ಜನ ಅದಕ್ಕೆ ಹೆದರಿ ಸರಿದರೇ ಹೊರತು ಒಳಗಿರುವ ಜೀವವನ್ನು ನೆನೆದು ಸರಿದವರು ಕಡಿಮೆ. 2017ರ ಮೇ 1ರಿಂದ ಗಣ್ಯರ ಕಾರುಗಳ ಕೆಂಪು ದೀಪ ಇಳಿಯಿತು. ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿ ದಂಡ ಅಥವಾ ಎರಡೂ ಎಂದು 2019ರ 194ಇ ಕಲಂ ಹೇಳಿತು. ಆದರೆ ಹೊಸ ದಂಡಗಳು ಜಾರಿಯಾದ ತಿಂಗಳೊಳಗೆ ಜನರ ಆಕ್ರೋಶಕ್ಕೆ ಮಣಿದ ಕರ್ನಾಟಕ ಅನೇಕ ದಂಡಗಳನ್ನು ತಗ್ಗಿಸಿತು. ಹೆಲ್ಮೆಟ್ ಇಲ್ಲದ ತಲೆಗೆ 1,000 ಇದ್ದದ್ದು 500 ಆಯಿತು.

ರಾಜ್ಯದ ಅಧಿಕಾರವನ್ನು ವಿವೇಕದಿಂದ ಬಳಸಿದ ಉದಾಹರಣೆಯೂ ಇದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ, ಆದರೆ ಆಂಬುಲೆನ್ಸಿಗೆ ವಿನಾಯಿತಿ. ರಸ್ತೆ ಮುಚ್ಚುವ ಯಾವ ಆದೇಶದಲ್ಲೂ ಈ ಒಂದು ಸಾಲು ತಾನಾಗಿಯೇ ಇರಬೇಕು. 2020ರಲ್ಲಿ ತಲಪಾಡಿಯಲ್ಲಿ ಇಲ್ಲದೆ ಹೋದದ್ದು ಅದೇ ಸಾಲು.

ರಸ್ತೆ ಕಟ್ಟಿದವರ ಸರದಿ

ಕಾನೂನು ಇನ್ನೂ ಸರಿಯಾಗಿ ಮುಟ್ಟದ ಒಬ್ಬ ಆಸಾಮಿ ಉಳಿದಿದ್ದಾನೆ: ರಸ್ತೆ ಕಟ್ಟಿದವನು. ನಮ್ಮ ಊರುಗಳ ಹಂಪುಗಳನ್ನೇ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಾಡಿ ಮೆಲ್ಲಗೆ ಏರಿ ಇಳಿಯುವ ಹಾಗೆ. ಊರಲ್ಲಿ ಒಂದು ಮಗು ಗಾಡಿಗೆ ಸಿಕ್ಕಿತೆಂದರೆ ಮಾರನೆಯ ದಿನ ಕಂಟ್ರಾಕ್ಟರು ಹಾಕಿಸುವುದು ಒಂದೂವರೆ ಅಡಿ ಅಗಲದ, ಬಣ್ಣವೂ ಬಳಿಯದ ದಿಬ್ಬ. ರಾತ್ರಿ ಬೈಕಿನವನು ಅದರ ಮೇಲೆ ಹಾರಿ ಬೀಳುತ್ತಾನೆ. ಅವನನ್ನು ಹೊತ್ತ ಆಂಬುಲೆನ್ಸು ಮುಂದಿನ ಊರಿನ ಹಂಪಿನಲ್ಲಿ ಎದ್ದು ಬಿದ್ದರೆ ಮುರಿದ ಬೆನ್ನುಮೂಳೆ ಇನ್ನಷ್ಟು ಮುರಿಯುತ್ತದೆ. ಮಾನದಂಡ ಮೀರಿ ರಸ್ತೆ ಕಟ್ಟಿ ಸಾವು ನೋವಿಗೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎಂದು 198ಎ ಕಲಂ 2019ರಿಂದ ಹೇಳುತ್ತಿದೆ. ಕೋಟಿಗಟ್ಟಲೆ ಕಾಮಗಾರಿ ಹಿಡಿಯುವವನಿಗೆ ಅದು ಚಿಲ್ಲರೆ ಕಾಸು.

ರಸ್ತೆ ತಿದ್ದಿದರೆ ಫಲ ಸಿಗುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಸಾಕ್ಷಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ದಾರಿಯಲ್ಲಿ ಆ ವರ್ಷ 188 ಮಂದಿ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ದೂರವಿಟ್ಟರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು, ಗಸ್ತು ಹೆಚ್ಚಿತು. 2024ರಲ್ಲಿ ಸಾವು 50ಕ್ಕೆ ಇಳಿಯಿತು. ತಮಿಳುನಾಡಿನಲ್ಲೂ 2016ರಲ್ಲಿ 17,218 ಇದ್ದ ರಸ್ತೆ ಸಾವು 2019ಕ್ಕೆ 10,525 ಆಗಿತ್ತು. ಹಣೆಬರಹ ಎಂದು ಕೈಚೆಲ್ಲುವವರಿಗೆ ಈ ಎರಡು ಲೆಕ್ಕ ಸಾಕು.

ಇಂಥ ಕೆಲಸವನ್ನು ಒಬ್ಬ ದಕ್ಷ ಅಧಿಕಾರಿಯ ಹುಮ್ಮಸ್ಸಿಗೆ ಬಿಡದೆ ನಡೆಸಲೆಂದೇ ಕೇರಳ 2007ರಲ್ಲಿ, ಕರ್ನಾಟಕ 2017ರಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರದ ಕಾಯ್ದೆ ಮಾಡಿದವು. ಅಪಘಾತದ ವಿವರಗಳನ್ನು ಸ್ಥಳದಲ್ಲೇ ದಾಖಲಿಸುವ ಐರ‍್ಯಾಡ್ ವ್ಯವಸ್ಥೆಯ ಪ್ರಯೋಗಕ್ಕೆ ಆಯ್ದ ಆರು ರಾಜ್ಯಗಳಲ್ಲೂ ಕರ್ನಾಟಕವಿತ್ತು. ಎಲ್ಲಿ ಜನ ಸಾಯುತ್ತಾರೆಂದು ಇಲಾಖೆಗೆ ಈಗ ಗೊತ್ತು. ಗೊತ್ತಿದ್ದೂ ತಿರುವು ತಿದ್ದದ ಎಂಜಿನಿಯರನ್ನು ಕೇಳುವ ಹಲ್ಲು ಪ್ರಾಧಿಕಾರಕ್ಕೆ ಇನ್ನೂ ಮೊಳೆಯಬೇಕು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲಿ 11,702. ಮೊದಲ ‘ನೆರವಿಗರ ಕಾಯ್ದೆ’ ಬರೆದ ರಾಜ್ಯದ ಲೆಕ್ಕ ಇದು. ಚಾಲಕ, ವೈದ್ಯ, ದಾರಿಹೋಕರನ್ನು ಕುರಿತು ಬೇಕಾದ ಕಾನೂನೆಲ್ಲ ಬಹುಮಟ್ಟಿಗೆ ಬಂದಿದೆ. ಬಂದಿದೆ ಎಂಬ ಸುದ್ದಿ ಜನಕ್ಕೆ ಮುಟ್ಟಿಲ್ಲ. ನೆರವಿಗೆ ಬಂದವರ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಬರೆದು ಆಸ್ಪತ್ರೆಗಳು ಬಾಗಿಲಲ್ಲೋ ಎದ್ದು ಕಾಣುವ ಬೇರೆ ಜಾಗದಲ್ಲೋ ಹಾಕಬೇಕೆಂಬುದು 2020ರ ನಿಯಮ. ಮುಂದಿನ ಸಲ ನಿಮ್ಮೂರಿನ ಆಸ್ಪತ್ರೆಗೆ ಹೋದಾಗ ಆ ಕನ್ನಡ ಫಲಕ ಇದೆಯೇ ನೋಡಿ. ಇಲ್ಲದಿದ್ದರೆ, ಎಲ್ಲಿ ಹಾಕಿದ್ದೀರಿ ಎಂದು ಕೌಂಟರಿನಲ್ಲಿ ಕೇಳಿ.