ಬಾಯಿಂದ ಮದ್ದು ತುಂಬುವ ಕೋವಿಗೆ ಮರದ ಆಸರೆ

ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಮುಗಿದದ್ದು 1863ರ ಜುಲೈ 3ರಂದು. ಬಳಿಕ ರಣರಂಗದಲ್ಲಿ ಬಿದ್ದಿದ್ದ ಕೋವಿಗಳನ್ನು ಆಯ್ದು ಒಟ್ಟುಮಾಡಲಾಯಿತು. ಅಂದಿನ ಲೆಕ್ಕದಂತೆ ಅವು 27,574. ಪರೀಕ್ಷಿಸಿದವರಿಗೆ ಅಚ್ಚರಿ ಕಾದಿತ್ತು. ಸುಮಾರು 24,000 ಕೋವಿಗಳಲ್ಲಿ ಮದ್ದುಗುಂಡು ಹಾರದೆ ಹಾಗೇ ಉಳಿದಿತ್ತು. ಅವುಗಳ ಪೈಕಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಸಲ ತುಂಬಿದ ಮದ್ದುಗುಂಡು. ಒಂದು ಕೋವಿಯಲ್ಲಂತೂ 23 ಸಲ ತುಂಬಲಾಗಿತ್ತು!

ಇದು ಹೇಡಿಗಳ ಕಥೆಯಲ್ಲ, ಗಡಿಬಿಡಿಯ ಕಥೆ. ಹೊಗೆ, ಗದ್ದಲ, ಭಯದ ನಡುವೆ ತನ್ನ ಕೋವಿ ಹಾರಿತೋ ಇಲ್ಲವೋ ಎಂಬುದೇ ಸೈನಿಕನಿಗೆ ತಿಳಿಯುತ್ತಿರಲಿಲ್ಲ. ಹಾರಿತೆಂದು ನಂಬಿ ಮತ್ತೆ ತುಂಬುತ್ತಿದ್ದ. ಬಾಯಿಂದ ಮದ್ದು ತುಂಬುವ ಕೋವಿಯ ಇತಿಹಾಸವೆಂದರೆ, ಒಂದರ್ಥದಲ್ಲಿ, ತುಂಬುವ ಕೆಲಸದ ಕಷ್ಟದ ಇತಿಹಾಸವೇ. ಇಂದು ಗುರಿಕಾರರ ಮೈದಾನಗಳಲ್ಲಿ ಕಾಣುವ ಸರಳ ಮರದ ಸ್ಟ್ಯಾಂಡಿನ ಅರ್ಥವೂ ಅಲ್ಲೇ ಇದೆ.

ಒಂಬತ್ತು ಹೆಜ್ಜೆಗಳ ಕವಾಯತು

ಈ ಕೋವಿಗೆ ಹಿಂದಿನಿಂದ ಬಾಗಿಲಿಲ್ಲ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನಿಟ್ಟು, ಗಜಕಡ್ಡಿಯಿಂದ ತಳದವರೆಗೆ ಜಡಿಯಬೇಕು. ಕೊನೆಗೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಬೇಕು. ಅಮೆರಿಕದ ಸೇನೆ ಇದನ್ನು ಒಂಬತ್ತು ಹೆಜ್ಜೆಗಳ ಕವಾಯತಾಗಿ ಕಲಿಸುತ್ತಿತ್ತು. ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು.

ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್ಲಿನಲ್ಲಿ ಕಷ್ಟ ಇನ್ನೂ ಹೆಚ್ಚು. ಗುಂಡು ಗೀರುಗಳನ್ನು ಕಚ್ಚಿ ತಿರುಗಿದರೆ ಮಾತ್ರ ಗುರಿ ನೇರ. ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದರೆ ಒಳಗೆ ಇಳಿಯದು. 1800ರ ಸುಮಾರಿಗೆ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್ಲಿನ ಜತೆ ಮೊದಮೊದಲು ಗುಂಡನ್ನು ಬಡಿದು ಇಳಿಸಲು ಪುಟ್ಟ ಮರದ ಕೊಡತಿಯನ್ನೂ ಕೊಡಲಾಗಿತ್ತು.

ಈ ತೊಡಕನ್ನು ಬಿಡಿಸಿದ್ದು ಫ್ರಾನ್ಸಿನ ಸೇನಾಧಿಕಾರಿ ಮಿನಿಯೇ. 1849ರ ಆತನ ಗುಂಡು ನಳಿಗೆಗಿಂತ ತುಸು ಸಣ್ಣದು, ಸಲೀಸಾಗಿ ಇಳಿಯುತ್ತಿತ್ತು. ಮದ್ದು ಹೊತ್ತಿದಾಗ ಅದರ ಟೊಳ್ಳು ತಳ ಹಿಗ್ಗಿ ಗೀರುಗಳನ್ನು ಕಚ್ಚುತ್ತಿತ್ತು. ಇದೇ ತತ್ವದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಭಾರತಕ್ಕೂ ಬಂತು. ಅದರ ಕಾಗದದ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಕಾಡತೂಸಿಗೆ ದನ ಮತ್ತು ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ 1857ರ ದಂಗೆಗೆ ಕಿಡಿಯಾದದ್ದು ಎಲ್ಲರಿಗೂ ಗೊತ್ತು. ಕೋವಿ ತುಂಬುವ ಒಂದು ಹೆಜ್ಜೆ ಸಾಮ್ರಾಜ್ಯವನ್ನೇ ಅಲುಗಾಡಿಸಿತು.

ಗೆಟಿಸ್‌ಬರ್ಗ್ ಮುಗಿದು ಸರಿಯಾಗಿ ಮೂರು ವರ್ಷಕ್ಕೆ, 1866ರ ಜುಲೈ 3ರಂದು, ಯುರೋಪಿನ ಕೋನಿಗ್‌ಗ್ರಾಟ್ಸ್ ಬಯಲಿನಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯದ ಸೇನೆಗಳು ಎದುರಾದವು. ಪ್ರಶ್ಯನ್ನರ ಕೋವಿಗೆ ಹಿಂದಿನಿಂದ ಗುಂಡು ಹಾಕಬಹುದಿತ್ತು. ನೆಲಕ್ಕೆ ಮಲಗಿಯೇ ತುಂಬಿ ಹೊಡೆದರು. ಬಾಯಿಂದ ತುಂಬಬೇಕಿದ್ದ ಆಸ್ಟ್ರಿಯನ್ನರು ಎದ್ದು ನಿಂತು ಗುಂಡಿಗೆ ಎದೆಯೊಡ್ಡಬೇಕಾಯಿತು. ಆ ಬಳಿಕ ಹಳೆಯ ಕೋವಿ ಸೇನೆಗಳಿಂದ ಬೇಗನೆ ಮರೆಯಾಯಿತು.

ಗುರಿಕಾರನ ಸ್ಟ್ಯಾಂಡು

ಆದರೆ ಗುರಿಕಾರರು ಅದನ್ನು ಬಿಡಲಿಲ್ಲ. ಅವರಿಗೆ ವೇಗ ಬೇಡ, ನಿಖರತೆ ಬೇಕು. ನಳಿಗೆಯ ಅಂಚು ಸವೆದರೆ ಗುರಿ ಕೆಡುತ್ತದೆಂದು ಅಮೆರಿಕದ ಆಲ್ವನ್ ಕ್ಲಾರ್ಕ್ 1840ರಲ್ಲಿ, ತುಂಬುವಾಗ ಮಾತ್ರ ಕೂರಿಸಿ ಆಮೇಲೆ ತೆಗೆದಿಡುವ ಹುಸಿ ಬಾಯಿಗೆ ಪೇಟೆಂಟ್ ಪಡೆದ. ಇದೇ ಕ್ಲಾರ್ಕ್ ಮುಂದೆ ದೂರದರ್ಶಕದ ಮಸೂರಗಳಿಗೆ ಹೆಸರಾದ. 1933ರಲ್ಲಿ ಅಮೆರಿಕದಲ್ಲಿ ಈ ಕೋವಿಗಳ ಅಭಿಮಾನಿಗಳ ರಾಷ್ಟ್ರೀಯ ಸಂಘವೇ ಹುಟ್ಟಿತು.

ಇಂಥವರ ಮೈದಾನದಲ್ಲಿ ಕಾಣುವುದೇ ಮರದ ಸ್ಟ್ಯಾಂಡು. ಕೆಳಗೆ ಭಾರವಾದ ಅಗಲ ಹಲಗೆ. ಅದರಲ್ಲಿ ಕೋವಿಯ ಹಿಡಿಯ ಬುಡ ಕೂರುವಷ್ಟು ತಗ್ಗು. ಹಲಗೆಗೆ ಕಚ್ಚುಹಾಕಿ ನಿಲ್ಲಿಸಿದ ಕಂಬ. ಕಂಬದ ತುದಿಯಲ್ಲಿ ನಳಿಗೆ ಒರಗುವ ಕವೆ, ಕವೆಗೆ ಚರ್ಮದ ಹೊದಿಕೆ. ನೆಲ ಏರುತಗ್ಗಾಗಿದ್ದರೆ ಹಲಗೆಯ ಕೆಳಗೆ ಮೂರು ಕಾಲು. ನಾಲ್ಕು ಕಾಲಿನಂತೆ ಮೂರು ಕಾಲು ಕುಣಿಯುವುದಿಲ್ಲ. 55 ಅಂಗುಲ ಉದ್ದದ ಎನ್‌ಫೀಲ್ಡಿಗೆ ಕವೆ ನಾಲ್ಕಡಿಗಿಂತ ಕೆಳಗಿದ್ದರೆ ಸರಿ. ಬಾಯಿಯ ಸುತ್ತ ಕೈಯಾಡಲು ಜಾಗ ಬೇಕು. ಕಂಬದ ಪಕ್ಕದ ಪುಟ್ಟ ತಟ್ಟೆಯಲ್ಲಿ ತೂತುಗಳ ಸಾಲು. ಒಂದೊಂದು ಹೊಡೆತಕ್ಕೆ ಅಳೆದಿಟ್ಟ ಮದ್ದಿನ ಕೊಳವೆಗಳಿಗೆ ಅದೇ ಮನೆ.

ಬಡಗಿಗೆ ಅರ್ಧ ದಿನದ ಕೆಲಸ. ಆದರೆ ಪ್ರತಿಯೊಂದಕ್ಕೂ ಕಾರಣವಿದೆ. ಕೋವಿಯನ್ನು ಸ್ಟ್ಯಾಂಡು ಹಿಡಿದರೆ ಎರಡೂ ಕೈ ಬಿಡುವು. ಕವೆ ಹೊರಕ್ಕೆ ವಾಲಿದ್ದರೆ ನಳಿಗೆಯ ಬಾಯಿ ಮುಖದತ್ತ ತಿರುಗುವುದಿಲ್ಲ. ಹಿಂದಿನ ಹೊಡೆತದ ಕೆಂಡ ನಳಿಗೆಯಲ್ಲಿ ಉಳಿದಿರಬಹುದು. ಮದ್ದಿನ ಬುರುಡೆಯಿಂದ ನೇರ ಸುರಿದರೆ ಬುರುಡೆಯೇ ಸಿಡಿಯುವ ಅಪಾಯವಿದೆ. ಅದಕ್ಕೇ ಅಳೆದಿಟ್ಟ ಕೊಳವೆ. ಸಾಲಿನಲ್ಲಿ ಖಾಲಿಯಾದ ಕೊಳವೆಯೇ ಎಷ್ಟು ಸಲ ತುಂಬಿತೆಂಬ ಲೆಕ್ಕವನ್ನೂ ಹೇಳುತ್ತದೆ. ಕೇಪಿಗೆ ಮಾತ್ರ ಸ್ಟ್ಯಾಂಡಿನ ಬಳಿ ಕೆಲಸವಿಲ್ಲ. ಕೋವಿಯನ್ನು ಎತ್ತಿ ಗುರಿಯ ಕಡೆ ತಿರುಗಿಸಿದ ಮೇಲಷ್ಟೇ ಅದರ ಸರದಿ.

ಮಲೆನಾಡಿನ ಕೇಪಿನ ಕೋವಿ

ಕನ್ನಡ ನಾಡಿಗೆ ಈ ಜಾತಿಯ ಕೋವಿ ಹೊಸದಲ್ಲ. ಮಲೆನಾಡಿನ ರೈತರು ಬೆಳೆ ಕಾಯಲು ಇಟ್ಟುಕೊಂಡ ಕೇಪಿನ ಕೋವಿ ಬಾಯಿಂದಲೇ ತುಂಬುವಂಥದ್ದು. ಕೊಡಗಿನಲ್ಲಂತೂ ಸೆಪ್ಟೆಂಬರಿನ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂವಿನ ಅಲಂಕಾರ, ಪೂಜೆ. ಸಾವಿನ ಸುದ್ದಿಯನ್ನು ಊರಿಗೆ ತಿಳಿಸಿದ್ದೂ ಕೋವಿಯ ಎರಡು ಸದ್ದೇ. ಮರದ ಸ್ಟ್ಯಾಂಡು ಇರಲಿ, ಇಲ್ಲದಿರಲಿ, ತುಂಬುವ ಕ್ರಮ ಎಲ್ಲೆಡೆಯೂ ಒಂದೇ. ತಪ್ಪಿದರೆ ಆಗುವ ಅನಾಹುತವೂ ಒಂದೇ.

ಅನುಭವಿ ಗುರಿಕಾರ ಗಜಕಡ್ಡಿಯ ಮೇಲೆ ಎರಡು ಗೀರು ಹಾಕಿಟ್ಟಿರುತ್ತಾನೆ. ನಳಿಗೆ ಖಾಲಿಯಿದ್ದರೆ ಕಡ್ಡಿ ಮೊದಲ ಗೀರಿನವರೆಗೆ ಇಳಿಯುತ್ತದೆ. ಸರಿಯಾಗಿ ತುಂಬಿದ್ದರೆ ಎರಡನೆಯದರವರೆಗೆ. ಅದಕ್ಕಿಂತ ಮೇಲೆ ನಿಂತರೆ ಎರಡು ಸಲ ತುಂಬಿದೆ, ಅಥವಾ ಗುಂಡು ಮದ್ದಿನ ಮೇಲೆ ಕೂತಿಲ್ಲ ಎಂದರ್ಥ. ಎರಡೂ ನಳಿಗೆಯನ್ನು ಸಿಡಿಸಬಲ್ಲವು. ಕಡ್ಡಿಯನ್ನು ಇಳಿಸಿ ನೋಡಲು ನಾಲ್ಕು ಕ್ಷಣ ಸಾಕು. ಗೆಟಿಸ್‌ಬರ್ಗಿನ ಸೈನಿಕರಿಗೆ ಸಿಗದೆ ಹೋದದ್ದು ಆ ನಾಲ್ಕು ಕ್ಷಣವೇ.