ಎರಡು ಹೆಸರುಗಳ ವಿಜ್ಞಾನಿ: ಕಮಲಾ ಭಾಗವತ – ಸೊಹೋನಿ

ತೌಲನಿಕ ಸಾಹಿತ್ಯವನ್ನು ಅಭ್ಯಸಿಸಿದ ನನಗೆ ಈ ಕುಟುಂಬದಲ್ಲಿ ಮೊದಲು ಪರಿಚಿತರಾದವರು ಅಕ್ಕ ದುರ್ಗಾ ಭಾಗವತ. ಮರಾಠಿಯ ಲೇಖಕಿ, ಜಾನಪದ ವಿದ್ವಾಂಸೆ. 1975ರ ಕರಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಬಂಧನಕ್ಕೊಳಗಾದವರು. ಅವರ ತಂಗಿ ಕಮಲಾ ಜೀವರಸಾಯನ ವಿಜ್ಞಾನಿ.

1911ರಲ್ಲಿ ಇಂದೋರಿನಲ್ಲಿ ಜನಿಸಿದ ಕಮಲಾ ಅವರ ತಂದೆ ನಾರಾಯಣರಾವ್ ಮತ್ತು ತಂದೆಯ ಸಹೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಮನೆತನದ ವಿದ್ಯೆಯೇ ಮಗಳಿಗೂ ಬಂದಿತೆಂದು ಬರೆದುಬಿಡುವುದು ಸುಲಭ. ಆದರೆ 1933ರಲ್ಲಿ ಪ್ರಥಮ ಸ್ಥಾನದ ಪದವಿಯೊಡನೆ ಅದೇ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಅವರ ಕಚೇರಿಯೆದುರು ಸತ್ಯಾಗ್ರಹ ಹೂಡಿದರು.

ನಿರಾಕರಣೆ, ಹಠ, ಕೊನೆಗೆ ಒಪ್ಪಿಗೆ ಎಂದು ಈ ಪ್ರಸಂಗವನ್ನು ಸುಖಾಂತಗೊಳಿಸುವವರು ಷರತ್ತುಗಳನ್ನು ಗಮನಿಸುವುದಿಲ್ಲ. ಮೊದಲ ವರ್ಷ ಆಕೆ ಪೂರ್ಣ ವಿದ್ಯಾರ್ಥಿನಿಯಲ್ಲ. ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ, ದುಡಿಯಬೇಕು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು. ಕೊನೆಯದರ ಇಂಗಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆಯ ತಲೆಮಾರು ನಡೆದುಹೋದ ದಾರಿಯಲ್ಲಿ ಮಗಳು ಪರೀಕ್ಷಾರ್ಥಿಯಾಗಿ ನಿಂತಳು. ಗುರುಗಳಾದ ಎಂ. ಶ್ರೀನಿವಾಸಯ್ಯನವರು ಮಾತ್ರ ಆಕೆಯನ್ನು ಶಿಸ್ತಿನಿಂದ, ಮುಕ್ತಮನಸ್ಸಿನಿಂದ ತಿದ್ದಿದರು. ಹಾಲು ಹಾಗೂ ದ್ವಿದಳ ಧಾನ್ಯಗಳ ಪ್ರೋಟೀನುಗಳ ಅಧ್ಯಯನ ಅಲ್ಲಿಯೇ ಆರಂಭವಾಯಿತು. ರಾಮನ್ ದೊಡ್ಡ ವಿಜ್ಞಾನಿಯಾದರೂ ಸಂಕುಚಿತ ಮನಸ್ಸಿನವರೆಂದು ಕಮಲಾ ಮುಂದೆ ಬಹಿರಂಗವಾಗಿಯೇ ಹೇಳಿದರು.

ಕೇಂಬ್ರಿಜ್ಜಿನಲ್ಲಿ ಡೆರೆಕ್ ರಿಕ್ಟರ್, ಅನಂತರ ರಾಬಿನ್ ಹಿಲ್ ಅವರೊಡನೆ ದುಡಿದು, ಸಸ್ಯದ ಅಂಗಾಂಶದಲ್ಲಿಯೂ ಸೈಟೋಕ್ರೋಮ್–ಸಿ ಇದೆಯೆಂದು ಆಲೂಗಡ್ಡೆಯಲ್ಲಿ ತೋರಿಸಿ, ಸುಮಾರು 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಡಾಕ್ಟರೇಟ್ ಪಡೆದರು. ಮರಳಿದ ಮೇಲೆ ದೆಹಲಿ; ಬಳಿಕ ನಮ್ಮ ಓದುಗರಿಗೆ ಪರಿಚಿತವಾದ ನೀಲಗಿರಿಯ ಕುನ್ನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರ ಹುದ್ದೆ, ವಿಟಮಿನ್‌ಗಳ ಅಧ್ಯಯನ. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದು ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಬಾಬು ರಾಜೇಂದ್ರ ಪ್ರಸಾದರ ಸೂಚನೆಯಂತೆ ನೀರಾದ ಪೋಷಕಾಂಶಗಳನ್ನು ಅಲ್ಲಿ ಪರಿಶೀಲಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು.

ಕುಟುಂಬದ ಇತಿಹಾಸವನ್ನು ಹುಡುಕುವವರಿಗೆ ಇಲ್ಲೊಂದು ತೊಡಕಿದೆ. ತಂದೆಯ ಮನೆತನದ ಹೆಸರು ಅಕ್ಕನಲ್ಲಿ ಕೊನೆಯವರೆಗೂ ಉಳಿಯಿತು. ತಂಗಿಯ ಸಂಶೋಧನೆಗಳು ಎರಡು ಹೆಸರುಗಳಲ್ಲಿ ಹಂಚಿಹೋದವು. ವಿವಾಹಪೂರ್ವದ ಲೇಖನಗಳು ಭಾಗವತ ಎಂಬಲ್ಲಿ, ಮುಂಬಯಿಯ ದ್ವಿದಳ ಧಾನ್ಯಗಳ ಲೇಖನಗಳು ಸೊಹೋನಿ ಎಂಬಲ್ಲಿ. ಸೂಚಿಯನ್ನಷ್ಟೇ ನೋಡಿದವರಿಗೆ ಇಬ್ಬರು ವಿಜ್ಞಾನಿಗಳು. ಗಡಿಯಾದರೂ ನೇರವಾಗಿದೆಯೇ ಎಂದರೆ ಅದೂ ಇಲ್ಲ: ಹಿಲ್ ಅವರೊಡನೆ ಮಾಡಿದ ಸಸ್ಯಗಳ ಸೈಟೋಕ್ರೋಮ್ ಆಕ್ಸಿಡೇಸ್ ಕುರಿತ ಕೆಲಸ ಅಚ್ಚಾದದ್ದು 1951ರಲ್ಲಿ, ಮದುವೆಯಾಗಿ ನಾಲ್ಕು ವರ್ಷಗಳ ಬಳಿಕ. ಅದರ ಮೇಲಿರುವ ಹೆಸರು ಕೆ. ಭಾಗವತ.